ಮೂರು-ಒಂದು, ಒಂದು-ಮೂರು

"ಥೆಲ್ಮಾ ಗಂಟೆ ಬಾರಿಸಿದ್ರೆ, ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ಮಧ್ಯೆ ಹೋಗಿ ಟೀ ಕುಡ್ಕೊಂಡು ಬರ್ಬೋದು," ಎಂದು ನಾನು ನಮ್ಮ ಪುಟಾಣಿ ಮಾದರಿ ರೈಲಿನ ಕ್ಲಬ್ಬಿನ ಕಮಿಟಿಯ ಮುಂದೆ ಹೇಳಿದೆ. ಎಲ್ಲರೂ ನಕ್ಕರು. ಥೆಲ್ಮಾ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಹೆಣೆಯುತ್ತಿದ್ದ ಸ್ವೆಟರನ್ನು ತೊಡೆಯ ಮೇಲಿಟ್ಟು ನನ್ನ ಬಾಯನ್ನೇ ನೋಡಿದಳು. ಅವಳು ಹಾಗೆ ನೋಡಿದ್ದು ನನಗೆ ಸರಿಬೀಳಲಿಲ್ಲ. ನಾನು ಇನ್ನೂ ಜೋರಾಗಿ ಮುಂದುವರಿಸಿದೆ.

ಅಸಲಿಗೆ ಅಂದು ಚರ್ಚೆಗೆ ಬಂದದ್ದು ಅವಳ ತಪ್ಪಲ್ಲ, ನನ್ನದು. ಮಾರ್ಚ್ ತಿಂಗಳ ಪ್ರದರ್ಶನದಲ್ಲಿ ನಾನು ಎರಡು ಸಲ ತಪ್ಪು ಹಳಿ ಹಾಕಿದ್ದೆ. ಎರಡೂ ಸಲ ಥೆಲ್ಮಾ ಊಟಕ್ಕೆ ಹೋಗಿದ್ದಳು, ಅವಳ ಜಾಗದಲ್ಲಿ ನಮ್ಮ ಅಧ್ಯಕ್ಷ ಕ್ಲೈವ್ ಗಂಟೆ ಬಾರಿಸುತ್ತಿದ್ದ. ಇವೆರಡನ್ನೂ ಕೂಡಿಸಿ ನೋಡುವ ಬುದ್ಧಿ ಆಗ ನನಗಿರಲಿಲ್ಲ. ಅವಳ ನಿಧಾನದಿಂದ ಗಾಡಿಗಳೆಲ್ಲ ತಡವಾಗುತ್ತವೆ, ಆಮೇಲೆ ನಾನು ಅವಸರ ಮಾಡಬೇಕಾಗುತ್ತದೆ, ಅವಸರದಲ್ಲಿ ಕೈ ತಪ್ಪುತ್ತದೆ ಎಂದು ವಾದ ಹೂಡಿದೆ. ವಾದ ಗೆದ್ದಿತು.

ಕ್ಲೈವ್ ಹೇಳಿದ, "ಆಯ್ತಪ್ಪಾ, ಅಕ್ಟೋಬರಿನಲ್ಲಿ ಯಾರ್ಡಿನಲ್ಲಿ ಗಂಟೆ ಬಾರಿಸೋಕೆ ಡಂಕನ್ ನಿಂತ್ಕೊಳ್ಲಿ. ಥೆಲ್ಮಾ, ನೀನು ಟೀ ಕೌಂಟರ್ ನೋಡ್ಕೋತೀಯಾ? ಆದ್ರೆ ನಾರಿಸ್, ಒಂದು ಮಾತು. ಇನ್ನೊಂದು ಸಲ ತಪ್ಪು ಹಳಿ ಬಿತ್ತು ಅಂದ್ರೆ ಹಳಿ ಬದಲಿಸೋ ಲಿವರು ಡಂಕನ್ ಕೈಗೆ. ನೀನು ಬಾಗಿಲಲ್ಲಿ ಟಿಕೆಟ್ ಹರೀತಾ ಕೂತ್ಕೋಬೇಕಾಗತ್ತೆ."

"ಆಗ್ಲಿ ಬಿಡು," ಅಂದೆ.

ನಮ್ಮ ಥಾರ್ನ್‌ಕ್ಲಫ್ ನಿಲ್ದಾಣ ಇಪ್ಪತ್ತೆಂಟು ಅಡಿ ಉದ್ದ. ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿಯ ಜುಲೈ ತಿಂಗಳ ಒಂದು ಗುರುವಾರ ಅಲ್ಲಿ ಇಪ್ಪತ್ತೊಂದು ವರ್ಷದಿಂದ ಮುಗಿದೇ ಇಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಜನ, ಹಾಲಿನ ಕ್ಯಾನು, ಪಾರಿವಾಳದ ಬುಟ್ಟಿ. ಇಂಜಿನ್‌ಗಳ ಬೆನ್ನಲ್ಲಿ ನಿಜವಾದ ಕಲ್ಲಿದ್ದಲಿನ ಪುಡಿ. ಸ್ಟೇಷನ್ ಮಾಸ್ಟರನ ಹಿತ್ತಿಲಲ್ಲಿ ಥೆಲ್ಮಾ ಹೊಲಿದು ಒಣಹಾಕಿದ ಬಟ್ಟೆ. ನಿಜವಾದ ಥಾರ್ನ್‌ಕ್ಲಫ್ ಈಗ ಇಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಹುಡುಗನಾಗಿದ್ದಾಗ ಅದರ ಕಟ್ಟೆಗೋಡೆಯ ಮೇಲೆ ಕೂತು ಸಿಗ್ನಲ್ ಮನೆಯನ್ನು ನೋಡುತ್ತಿದ್ದವನು ನಾನು. ಲಿವರ್ ಎಳೆಯುವ ಕೆಲಸವೇ ಬೇಕು ಅಂತಿದ್ದೆ. ಅಪ್ಪ ಕಿವಿ ಹಿಡಿದು ಮಿಲ್ಲಿಗೆ ಸೇರಿಸಿದ. ಮೂವತ್ತಮೂರು ವರ್ಷ ನೇಯ್ದೆ. ಆ ಇಪ್ಪತ್ತನಾಲ್ಕು ಪುಟ್ಟ ಲಿವರುಗಳ ಮುಂದೆ ಕೂತಾಗ ಮಾತ್ರ ನಾನು ಆಗಬೇಕಾಗಿದ್ದವನು ಆಗುತ್ತಿದ್ದೆ. ಅದನ್ನೂ ಕಿತ್ತುಕೊಂಡರೆ ಉಳಿಯುವುದು ಕೆಟ್ಟ ಕಿವಿಯ ಒಬ್ಬ ಹಳೇ ನೇಕಾರ, ಅಷ್ಟೆ.

ಹೌದು, ಕೆಟ್ಟ ಕಿವಿ. ಅದೇ ವಿಷಯ. ಆರುನೂರು ಮಗ್ಗಗಳು ಒಟ್ಟಿಗೆ ಓಡುವ ಶೆಡ್ಡಿನಲ್ಲಿ ದೇವರೇ ಬಂದು ಕೂಗಿದರೂ ಕೇಳಿಸದು. ಅಲ್ಲಿ ನಾವೆಲ್ಲ ದನಿಯಿಲ್ಲದೆ ಬರೀ ತುಟಿ ಆಡಿಸಿ ಮಾತಾಡುತ್ತಿದ್ದೆವು. ಮಗ್ಗ ನಿಂತ ಮೇಲೂ ಕಿವಿ ತಿರುಗಿ ಬರಲಿಲ್ಲ, ತುಟಿ ಓದುವ ಅಭ್ಯಾಸ ಹೋಗಲಿಲ್ಲ. ಹಾಗಾಗಿ ನನ್ನ ಗುಟ್ಟು ಯಾರಿಗೂ ಗೊತ್ತಾಗಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ಒಂದಕ್ಷರ ಬಿಡದೆ ಉತ್ತರ ಕೊಡುತ್ತಿದ್ದೆ. ಡಾಕ್ಟರು ಕಿವಿಗೆ ಯಂತ್ರ ಕೊಟ್ಟಿದ್ದರು. ಹಾಕಿಕೊಂಡರೆ ಸಭಾಂಗಣದ ಗಲಾಟೆಯೆಲ್ಲ ತಲೆಯೊಳಗೆ ನುಗ್ಗಿ ಗಂಟೆ ಅದರಡಿ ಹೂತುಹೋಗುತ್ತಿತ್ತು. ಅದು ಡ್ರಾಯರಿನಲ್ಲಿ ಬಿದ್ದಿದೆ.

ಗಂಟೆಯನ್ನು ನಾನು ಅಂಗೈಯಿಂದ ಕೇಳುತ್ತಿದ್ದೆ. ಗಂಟೆ ಕೂರಿಸಿದ ಮರದ ಪೆಟ್ಟಿಗೆಯ ಮೇಲೆ ಎಡಗೈ ಇಟ್ಟರೆ ಒಂದೊಂದು ಬಡಿತವೂ ಚರ್ಮಕ್ಕೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಕೂಗಾಟ ನಿಷಿದ್ಧ, ಕೈಸನ್ನೆ ಇಲ್ಲ. ಐವತ್ತೇಳರಲ್ಲಿ ಹೇಗೋ ಹಾಗೇ ಎಲ್ಲವೂ ಗಂಟೆಯಲ್ಲೇ ನಡೆಯಬೇಕು. ಪರದೆಯ ಹಿಂದಿನ ಯಾರ್ಡಿನಿಂದ ಗಾಡಿ ಕಳಿಸುವವರು ಮೊದಲು ತಂತಿಯ ಮೂಲಕ ನನ್ನ ಮೇಜಿನ ಗಂಟೆ ಬಾರಿಸಿ ಯಾವ ಗಾಡಿ ಎಂದು ಹೇಳುತ್ತಾರೆ. ನಾನು ಅದನ್ನೇ ತಿರುಗಿ ಬಾರಿಸಿ ಒಪ್ಪಿಕೊಂಡು, ಗಾಡಿ ಸುರಂಗದಿಂದ ಹೊರಬರುವ ಮೊದಲೇ ಹಳಿ ಹೊಂದಿಸಬೇಕು. ಮೂರು ಬಡಿತ, ತಡೆ, ಒಂದು ಬಡಿತ ಎಂದರೆ ಮುಖ್ಯ ಮಾರ್ಗದ ಪ್ಯಾಸೆಂಜರ್. ಒಂದು, ತಡೆ, ಮೂರು ಎಂದರೆ ಶಾಖೆಯ ಪುಟ್ಟ ಗಾಡಿ. ಎರಡೂ ಒಟ್ಟು ನಾಲ್ಕೇ. ವ್ಯತ್ಯಾಸ ಇರುವುದೆಲ್ಲ ಆ ತಡೆಯಲ್ಲಿ.

ಅಕ್ಟೋಬರಿನ ಆ ಶನಿವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆಯುವ ಮೊದಲೇ ನಾನು ಮೂರು ಸಲ ಕೋಟು ಬಿಚ್ಚಿ ಹಾಕಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲಿವರುಗಳನ್ನು ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಸಿಗ್ನಲ್‌ಮನ್ ಲಿವರನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಬೆರಳುದ್ದದ ನಮ್ಮ ಲಿವರುಗಳಿಗೂ ನಾನು ಒಂದು ಬಟ್ಟೆ ಇಟ್ಟುಕೊಂಡಿದ್ದೆ. ಎಲ್ಲರೂ ಗೇಲಿ ಮಾಡುತ್ತಿದ್ದರು. ಮಾಡಲಿ.

ಡಂಕನ್ ಬಂದ. ನಲವತ್ತರ ಆಳು, ಚುರುಕು, ಕೆಲಸ ಮಾಡುವುದು ನಿಜವಾದ ರೈಲ್ವೆಯಲ್ಲೇ. "ರೆಡೀನಾ ನಾರಿಸ್? ಇವತ್ತು ಒಂದು ನಿಮಿಷನೂ ಲೇಟ್ ಆಗೋಲ್ಲ ನೋಡ್ತಾ ಇರಿ," ಎಂದ.

"ಬಾರಿಸಯ್ಯಾ, ನೋಡೋಣ," ಅಂದೆ.

ಬಾರಿಸಿದ. ಅಂಗೈಯಡಿ ನಾಲ್ಕು ಬಡಿತ ಒಂದೇ ಗುಟುಕಿನಲ್ಲಿ ಹರಿದುಹೋಯಿತು. ತಡೆ ಎಲ್ಲಿತ್ತು? ಇತ್ತೋ ಇಲ್ಲವೋ? ವೇಳಾಪಟ್ಟಿ ಬಾಯಿಪಾಠವಿತ್ತು, ಮೊದಲನೆಯದು ಮುಖ್ಯ ಮಾರ್ಗದ ಗಾಡಿ. ಅದೇ ಧೈರ್ಯದ ಮೇಲೆ ಹಳಿ ಹಾಕಿದೆ. ಗಾಡಿ ಸರಿಯಾಗಿ ಬಂದು ನಿಂತಿತು. ಎರಡನೆಯದು ಸರಿಹೋಯಿತು, ಮೂರನೆಯದೂ. ಬಂದದ್ದನ್ನು ತಿರುಗಿ ಬಾರಿಸುವಾಗ ನಾನೂ ಅವನಂತೆಯೇ ಟಣಟಣಟಣಟಣ ಎಂದು ಒಂದೇ ಉಸಿರಿನಲ್ಲಿ ಬಾರಿಸಿಬಿಡುತ್ತಿದ್ದೆ. ತಾನು ಏನು ಕೇಳಬೇಕೆಂದಿದ್ದನೋ ಅದನ್ನೇ ಅವನು ಕೇಳಿಸಿಕೊಳ್ಳುತ್ತಿದ್ದ.

ಜನ ತುಂಬಿದರು. ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಸುರಂಗದ ಬಾಯಿಯ ಮೇಲೆ. ಕ್ಲೈವ್ ಆಗಾಗ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದ. ಏನಾದರೂ ಹೇಳುತ್ತಿದ್ದನೋ ಏನೋ, ಮುಖ ಕಾಣದೆ ನನಗೆ ಗೊತ್ತಾಗುತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸುತ್ತಿದ್ದೆ. ದೂರದಲ್ಲಿ ಟೀ ಕೌಂಟರಿನ ಹಿಂದೆ ಥೆಲ್ಮಾ ಆಲೂಗಡ್ಡೆ ಪೈ ಕತ್ತರಿಸುತ್ತಿದ್ದಳು. ತಲೆ ಎತ್ತಿದಾಗಲೆಲ್ಲ ನನ್ನ ಕಡೆಗೇ ನೋಡುತ್ತಿದ್ದಳು. ಕೆಲಸ ಕಿತ್ತುಕೊಂಡ ಹೊಟ್ಟೆಕಿಚ್ಚು, ನಾನು ಎಡವುವುದನ್ನೇ ಕಾಯುತ್ತಿದ್ದಾಳೆ ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ.

ಹನ್ನೊಂದೂ ಮುಕ್ಕಾಲಿಗೆ ಬರಬೇಕಾದದ್ದು ಶಾಖೆಯ ಗಾಡಿ. ಆದರೆ ಯಾರ್ಡಿನಲ್ಲಿ, ಇದು ನನಗೆ ಆಮೇಲೆ ತಿಳಿದದ್ದು, ಅದರ ಇಂಜಿನ್ ಹಳಿ ತಪ್ಪಿ ಕೂತಿತ್ತು. ಜನ ಕಾಯಬಾರದೆಂದು ಡಂಕನ್ ಅದರ ನಂತರದ ಮುಖ್ಯ ಮಾರ್ಗದ ಗಾಡಿಯನ್ನು ಮೊದಲು ಕಳಿಸಲು ನಿರ್ಧರಿಸಿದ. ತಪ್ಪೇನಿಲ್ಲ, ನಿಜವಾದ ರೈಲ್ವೆಯಲ್ಲೂ ಹಾಗೇ ಮಾಡುತ್ತಾರೆ. ಅವನು ಮೂರು-ಒಂದು ಬಾರಿಸಿದ. ನನ್ನ ಅಂಗೈಗೆ ನಾಲ್ಕು ಬಡಿತ ಸಿಕ್ಕವು. ನಾನು ವೇಳಾಪಟ್ಟಿ ನೋಡಿ ಶಾಖೆಯ ಹಳಿ ಹಾಕಿದೆ.

ಸುರಂಗದಿಂದ ಹೊರಬಂದದ್ದು ಕ್ಲೈವ್ ಎರಡು ವರ್ಷ ಕೂತು ಕೈಯಾರೆ ಕಟ್ಟಿದ ಹಸಿರು ಇಂಜಿನ್, ಹಿಂದೆ ಐದು ಬೋಗಿ. ನಾನು ನೋಡುವಷ್ಟರಲ್ಲಿ ಅದು ಶಾಖೆಯ ಗಿಡ್ಡ ಪ್ಲಾಟ್‌ಫಾರ್ಮಿಗೆ ನುಗ್ಗಿ, ಅಲ್ಲಿ ನಿಂತಿದ್ದ ಹಾಲಿನ ವ್ಯಾಗನ್‌ಗಳಿಗೆ ಗುದ್ದಿತು. ಒಂದು ವ್ಯಾಗನ್ ಹಾರಿ ನೆಲಕ್ಕೆ ಬಿತ್ತು. ಎರಡು ಬೋಗಿ ಪಾರಿವಾಳದ ಬುಟ್ಟಿಗಳ ಮೇಲೆ ಮಗುಚಿಕೊಂಡವು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದು ಕಣ್ಣಿಗೆ ಕಂಡಿತು.

ಕ್ಲೈವ್ ಇಂಜಿನನ್ನು ಎತ್ತಿ ಮಗುವಿನಂತೆ ಎದೆಗೊತ್ತಿಕೊಂಡ. ಮೂತಿ ಡೊಂಕಾಗಿತ್ತು. "ಯಾರ ತಪ್ಪಿದು?" ಎಂದು ಕೇಳಿದ.

ಡಂಕನ್ ಪರದೆ ಸರಿಸಿ ಬಂದ. "ನಾನು ಮೂರು-ಒಂದು ಬಾರಿಸ್ದೆ."

"ಒಂದು-ಮೂರು," ಎಂದೆ ನಾನು. ಮಾತು ಬಾಯಿಂದ ಬಿದ್ದೇ ಹೋಯಿತು. "ನೀನು ಬಾರಿಸಿದ್ದು ಒಂದು-ಮೂರು. ನನ್ನ ಕಿವಿಯಾರೆ ಕೇಳಿದೀನಿ. ಇಪ್ಪತ್ತೊಂದು ವರ್ಷದಿಂದ ಕೇಳ್ತಿದೀನಿ ಕಣಯ್ಯಾ, ನೀನು ನಂಗೆ ಹೇಳಿಕೊಡ್ತೀಯಾ?"

ಡಂಕನ್ ಮುಖ ಕೆಂಪಾಯಿತು. ಅವನು ಯೋಚಿಸಿದ. ಒಳ್ಳೆಯವನು, ಅದೇ ತೊಂದರೆ. "ಇರ್ಬೋದೇನೋ... ಆ ಇಂಜಿನ್ ಬೇರೆ ಕೈ ಕೊಟ್ಟಿತ್ತು, ಅವಸರದಲ್ಲಿದ್ದೆ. ನಾನೇ ತಪ್ಪಿ ಬಾರಿಸಿದ್ನೋ ಏನೋ. ಸಾರಿ ಕ್ಲೈವ್," ಎಂದ.

ಬದುಕಿಕೊಂಡೆ ಅಂದುಕೊಂಡೆ. ಅಷ್ಟರಲ್ಲಿ ಕ್ಲೈವ್‌ನ ಭುಜದಾಚೆ, ಕೈಯಲ್ಲಿ ಟೀ ತಟ್ಟೆ ಹಿಡಿದು ನಿಂತ ಥೆಲ್ಮಾ ಕಂಡಳು. ಅವಳ ತುಟಿ ಆಡಿತು. ದನಿಯಿಲ್ಲ. ಮಿಲ್ಲು ಮುಚ್ಚಿದ ಮೇಲೆ ಯಾರೂ ನನ್ನ ಜೊತೆ ಆ ಭಾಷೆಯಲ್ಲಿ ಮಾತಾಡಿರಲಿಲ್ಲ. ಅವಳೂ ಅದೇ ಶೆಡ್ಡಿನವಳು, ನನ್ನಿಂದ ನಾಲ್ಕು ಸಾಲು ಆಚೆ ಅವಳ ಮಗ್ಗ.

"ನಿಂಗೆ ಕೇಳಿಸ್ಲಿಲ್ಲ," ಎಂದಿತು ತುಟಿ.

"ಕೇಳಿಸ್ತು," ಎಂದು ನಾನೂ ತುಟಿಯಲ್ಲೇ ಹೇಳಿದೆ.

"ಸುಳ್ಳು ಬೊಗಳ್ಬೇಡ ನಾರಿಸ್. ಮೂರು-ಒಂದು. ಅಲ್ಲಿ ಪೈ ಕೊಯ್ತಾ ನಿಂತಿದ್ದ ನಂಗೇ ಕೇಳಿಸ್ತು."

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಎರಡು ವರ್ಷ ಆಯ್ತು. ನೀನು ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು ಕೂತಿದ್ದು ನೋಡ್ದೆ. ನಾನ್ಯಾಕೆ ಅಷ್ಟು ನಿಧಾನ ಬಾರಿಸ್ತಿದ್ದೆ ಅನ್ಕೊಂಡಿದ್ದೆ, ಮಂಕೇ?"

ನಾಚಿಕೆಯಾಯಿತು. ಬೇರೆ ಯಾವ ಮಾತೂ ಅದಕ್ಕೆ ಒಪ್ಪುವುದಿಲ್ಲ. ಎರಡು ವರ್ಷ ಇವಳು ನನಗೋಸ್ಕರ ಪ್ರತಿ ತಡೆಯನ್ನೂ ಎಳೆದು ಎಳೆದು ಕೊಟ್ಟಿದ್ದಾಳೆ. ನಾನು ಎಲ್ಲರ ಮುಂದೆ ಅದನ್ನೇ ಎತ್ತಿ ಆಡಿ, ನಗಿಸಿ, ಇವಳನ್ನು ಟೀ ಕೌಂಟರಿಗೆ ಓಡಿಸಿದ್ದೇನೆ. ಈಗ ಇನ್ನೊಬ್ಬನ ತಲೆಗೂ ಕಟ್ಟುತ್ತಿದ್ದೇನೆ. ಡಂಕನ್ ಆಗಲೇ ಮಂಡಿಯೂರಿ ನೆಲದ ಮೇಲೆ ಹಾಲಿನ ವ್ಯಾಗನ್ನಿನ ಚಕ್ರ ಹುಡುಕುತ್ತಿದ್ದ.

"ಕ್ಲೈವ್," ಎಂದೆ. "ಅವನು ಸರಿಯಾಗೇ ಬಾರಿಸ್ದ. ಮೂರು-ಒಂದು. ನಂಗೆ ಕೇಳಿಸ್ಲಿಲ್ಲ."

"ಇಷ್ಟು ಗಲಾಟೆ ಇದ್ರೆ ಒಂದೊಂದ್ ಸಲ..."

"ಒಂದೊಂದ್ ಸಲ ಅಲ್ಲಪ್ಪಾ. ಯಾವತ್ತೂ ಕೇಳಿಸಲ್ಲ. ಥೆಲ್ಮಾ ನಿಧಾನ ಬಾರಿಸ್ತಿದ್ದಿದ್ರಿಂದ ಇಷ್ಟು ದಿನ ನಡೀತು. ಲೇಟ್ ಆಗಿದ್ದು ಅವಳಿಂದ ಅಲ್ಲ. ನನ್ನಿಂದ."

ಕ್ಲೈವ್ ಇಂಜಿನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅವನು ಈಗ ಬಾಯಿ ಅಗಲಿಸಿ ಒಂದೊಂದೇ ಪದ ಬಿಡಿಸಿ ಹೇಳತೊಡಗಿದ, ಎಲ್ಲರೂ ಕಿವುಡರಿಗೆ ಹೇಳುವ ಹಾಗೆ. "ಮಾತು ಅಂದ್ರೆ ಮಾತು, ನಾರಿಸ್. ಲಿವರು ಡಂಕನ್‌ಗೆ."

"ಗೊತ್ತು. ನೆಟ್ಟಗೆ ಮಾತಾಡು ಮಾರಾಯ, ತುಟಿ ಓದಕ್ಕೆ ಬರತ್ತೆ ನಂಗೆ."

ಎದ್ದೆ. ಕುರ್ಚಿ ಬಿಟ್ಟು ಏಳುವುದಕ್ಕೆ ಇಷ್ಟೊಂದು ಹೊತ್ತು ಬೇಕಾಗುತ್ತದೆಂದು ಗೊತ್ತಿರಲಿಲ್ಲ. ಲಿವರ್ ಒರೆಸುವ ಬಟ್ಟೆಯನ್ನು ಡಂಕನ್ ಕೈಗೆ ಕೊಟ್ಟೆ. "ಬರಿಗೈಯಲ್ಲಿ ಮುಟ್ಬೇಡ," ಎಂದೆ. ಅವನು ಗೇಲಿ ಮಾಡಲಿಲ್ಲ, ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡ. ಬಾಗಿಲಿಗೆ ಹೋಗಿ ಟಿಕೆಟ್ ಹರಿಯಬೇಕಾಗಿತ್ತು. ಕಾಲು ಹೊರಡಲಿಲ್ಲ. ಮೇಜಿನ ಪಕ್ಕದಲ್ಲೇ ಸುಮ್ಮನೆ ಅತ್ತಿಂದಿತ್ತ ತೂಗುತ್ತ ನಿಂತೆ. ಯಾರ್ಡಿಗೆ ಯಾರು ಎಂದು ಕ್ಲೈವ್ ಕೇಳುವ ಮೊದಲೇ ಥೆಲ್ಮಾ ಏಪ್ರನ್ ಬಿಚ್ಚಿ ಪರದೆಯ ಹಿಂದೆ ಹೋಗಿಯಾಗಿತ್ತು.

ಬೋಗಿಗಳನ್ನು ನಿಲ್ಲಿಸಿ, ಪಾರಿವಾಳದ ಬುಟ್ಟಿಗಳನ್ನು ಜೋಡಿಸಿ ಮುಗಿಯುವಾಗ ಹನ್ನೆರಡೂಕಾಲು. ಜನ ಮತ್ತೆ ಕಟಕಟೆಗೆ ಒರಗಿದರು. ಡಂಕನ್ ನೆಟ್ಟಗೆ ಕೂತ. ನನ್ನ ಎಡಗೈ, ಹಳೇ ಚಾಳಿ, ಯಾರನ್ನೂ ಕೇಳದೆ ಗಂಟೆಯ ಪೆಟ್ಟಿಗೆಯ ಮೇಲೆ ಹೋಗಿ ಕೂತಿತು.

ಬಡಿತ ಬಂತು. ಒಂದು.

ಆಮೇಲೆ ತಡೆ. ಟೀ ಕುಡಿದು ಬರುವಷ್ಟು ಉದ್ದದ ತಡೆ.

ಆಮೇಲೆ ಒಂದು, ಎರಡು, ಮೂರು. ಒಂದೊಂದೂ ಬೇರೆ ಬೇರೆಯಾಗಿ, ಅಂಗೈಯಲ್ಲಿ ಎಣಿಸಿ ಇಟ್ಟ ಹಾಗೆ.

ಡಂಕನ್ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ. "ಇದೇನು ಥೆಲ್ಮಾ ಮತ್ತೆ ಹೀಗೆ ಎಳೀತಿದಾರೆ? ನಂಗೆ ಕಿವಿ ಚೆನ್ನಾಗೇ ಕೇಳಿಸತ್ತಲ್ಲ."

"ಅವಳು ಬಾರಿಸ್ತಿರೋದು ನಿಂಗಲ್ಲ ಕಣಪ್ಪಾ," ಎಂದೆ. "ಶಾಖೆ ಗಾಡಿ ಬರ್ತಿದೆ. ಹಳಿ ಹಾಕು."