ಎತ್ತಿಟ್ಟ ಸೀರೆ

ಯಲಬುರ್ಗಾದ ಬಟ್ಟೆ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ರೂಪಾ ತಪ್ಪು ಹುಡುಕುತ್ತಿದ್ದಳು. ಎಲ್ಲಿಯೂ ತಪ್ಪಿರಲಿಲ್ಲ, ಅದೇ ಕಷ್ಟ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಹೀಗೆ ಮುನವ್ವರ ಸಾಹುಕಾರರ ನಾಲ್ಕೂ ಅಂಗಡಿಗಳ ಮಾಲನ್ನು ಒಟ್ಟಿಗೆ ತೋರಿಸುವ ಪ್ರೋಗ್ರಾಂ ಅವಳದು. ಒಂದೂರಲ್ಲಿ ಮಾರಿದ್ದು ಉಳಿದ ಊರುಗಳಿಗೆ ಕೂಡಲೇ ತಿಳಿಯಬೇಕು, ನೆಟ್‌ವರ್ಕ್ ಹೋಗಿ ಬಂದರೂ ಕೆಡಬಾರದು. ಅವಳ ಪಿಎಚ್‌ಡಿ ಸಂಶೋಧನೆಯೇ ಅದು.

ದಾಳಿಂಬೆ ಬಣ್ಣದ ಇಳಕಲ್ ಸೀರೆ ಯಲಬುರ್ಗಾದಲ್ಲಿ ಒಂದೇ ಉಳಿದಿದೆ ಎಂದು ಗಂಗಾವತಿ ಅಂಗಡಿಯ ತಾಹೇರನಿಗೆ ಪ್ರೋಗ್ರಾಂ ಸರಿಯಾಗಿಯೇ ತೋರಿಸಿತ್ತು. ಅವನು ಅದನ್ನು ಬೆಳಿಗ್ಗೆ ಮಾರಿ, ಬಸ್ಸಿಗೆ ಹಾಕಿ ಕಳಿಸಿರೆಂದಿದ್ದ. ಆದರೆ ತಳಕಲ್ಲಿನ ಶೇಖರಮ್ಮ ನಿನ್ನೆ ಮಗಳ ನಿಶ್ಚಯಕ್ಕೆ ಅದನ್ನೇ ಮೆಚ್ಚಿ, "ಎತ್ತಿಡ್ರಿ, ಅತ್ತಿಯವರನ್ನ ಕರಕೊಂಡು ಬರ್ತೀನಿ" ಎಂದು ಹೋಗಿದ್ದಳು. ಅಂಗಡಿ ನೋಡಿಕೊಳ್ಳುವ ಹಸನಬೀ ಎತ್ತಿಟ್ಟಿದ್ದಳು. ಮುಂಗಡವಿಲ್ಲ, ಬಿಲ್ಲಿಲ್ಲ, ಬರೀ ಮಾತು.

"ಕೊಟ್ಟ ಮಾತು ಮುರಿಯೂ ಕಂಪ್ಯೂಟರ್ ನಂಗ ಬ್ಯಾಡವಾ. ಸಂಜಿತನಕ ನೋಡ್ತೀನಿ, ಇಲ್ಲಂದ್ರ ತಗಸ್ತೀನಿ" ಎಂದು ಸಾಹುಕಾರರು ಕೊಪ್ಪಳದಿಂದ ಫೋನು ಮಾಡಿದ್ದರು.

"ಎತ್ತಿಟ್ಟೈತಿ ಅಂತ ತೋರಸಾಕ ಒಂದು ಬಟನ್ ಮಾಡ್ತೀನಕ್ಕಾ," ಎಂದು ರೂಪಾ ಹಸನಬೀಗೆ ಹೇಳಿದಳು. "ಎಷ್ಟೊತ್ತಾದ ಮ್ಯಾಲೆ ಅದನ್ನ ಬಿಡಸ್ಲಿ? ಒಂದಿನಾ?"

"ಅವ್ರು ಬ್ಯಾಡಂತ ಹೇಳೂತನಕ."

"ಬರ್ಲೇ ಇಲ್ಲಂದ್ರ?"

"ಅತ್ತೀನ ಒಪ್ಪಸೂದು ನಿನ್ನ ಕಂಪ್ಯೂಟರಿನಂಗ ಲಗೂನ ಆಗೂ ಕೆಲಸಲ್ಲ, ತಂಗಿ. ಮದಿವಿ ಆಗು, ಗೊತ್ತಾಕ್ಕೈತಿ."

ರೂಪಾ ನಕ್ಕಳು, ಆದರೆ ಕೀಲಿಮಣೆ ಮುಟ್ಟಲಿಲ್ಲ. ಅವಳು ಓದಿದ ಹೆಚ್ಚಿನ ಪ್ರಬಂಧಗಳಲ್ಲಿ, ಹಿಡಿದಿಟ್ಟದ್ದನ್ನು ಹೊತ್ತು ಮೀರಿದರೆ ಬಿಟ್ಟುಬಿಡಬೇಕು, ಇಲ್ಲವಾದರೆ ಎಲ್ಲರ ಕೆಲಸವೂ ನಿಲ್ಲುತ್ತದೆ ಎಂದಿತ್ತು. ಇಲ್ಲಿ ಬಿಟ್ಟರೆ ಹಸನಬೀಯ ಮಾತೇ ಹೋಗುತ್ತದೆ. ಗಡಿಯಾರ ನೋಡಿ ಬಿಡುವುದರ ಬದಲು, ಮಾತು ಕೊಟ್ಟವರನ್ನೇ ಕೇಳಿ ಬಿಡುವಂತೆ ಮಾಡಿದರೆ? ನಾಲ್ಕು ಊರುಗಳ ನಡುವೆ ಅದು ನಡೆದೀತೇ? ಅವಳಿಗೆ ಗೊತ್ತಿರಲಿಲ್ಲ. ಆದರೆ ಸಂಶೋಧನೆ ಮಾಡಬೇಕಾದದ್ದು ಇದನ್ನೇ ಅನ್ನಿಸಿತು.

ಅವಳು ತಾಹೇರನಿಗೆ ಫೋನು ಮಾಡಿ, ಆ ಬಿಲ್ಲು ರದ್ದು ಮಾಡಲು ಹೇಳಿದಳು.

"ಗಿರಾಕಿಗೆ ನಾ ಏನ್ ಹೇಳ್ಲಿ? ಕಂಪ್ಯೂಟರಿನಾಗ ಇತ್ತಲ್ರಿ."

"ಆ ಸೀರಿಗೆ ಇಲ್ಲಿ ಮಾತು ಕೊಟ್ಟಿದ್ರು ಅಂತ ಹೇಳ್ರಿ. ಕಂಪ್ಯೂಟರಿಗೆ ಅದು ಗೊತ್ತಿರ್ಲಿಲ್ಲ. ನಾನಽ ಕಲಿಸಿರ್ಲಿಲ್ಲ."

ಸಂಜೆ ಸಾಹುಕಾರರ ಫೋನು ಬಂತು. "ಗಂಗಾವತಿ ಗಿರಾಕಿ ಸಿಟ್ಟಾಗಿ ಹೋದ್ರಂತ."

"ಹೌದ್ರಿ."

"ಶೇಖರಮ್ಮ ಬಂದ್ಲೇನು?"

"ಇನ್ನೂ ಇಲ್ರಿ."

ಎತ್ತಿಟ್ಟದ್ದನ್ನು ತೋರಿಸಲು ಒಂದು ಬಟನ್ ಹಾಕುತ್ತೇನೆಂದು ರೂಪಾ ಹೇಳಿದಳು.

"ಆತು. ಆ ಬಟನ್ ಹಾಕವಾ," ಎಂದರು ಸಾಹುಕಾರರು. "ಟೈಮ್ ಮಾತ್ರ ಹಾಕಬ್ಯಾಡ."