ಕಾಹುವಿನ ಗಿಡಕ್ಕೊಂದು ಹಿತ್ತಲು

ಶನಿವಾರ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ತಿಂಡಿ ತಿನ್ನುವಂತಿರಲಿಲ್ಲ. ಮಾರಾಟಕ್ಕಿರುವ ಮನೆಗಳ ಬಾಗಿಲನ್ನು ಅವತ್ತು ಬೆಳಿಗ್ಗೆ ಅರ್ಧ ಗಂಟೆ ತೆರೆದಿಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಊರಿನ ಸಂಸಾರಗಳೆಲ್ಲ ಒಂದೇ ಬಚ್ಚಲುಮನೆಗೆ ನುಗ್ಗಿ ನಲ್ಲಿ ತಿರುಗಿಸಿ ನೋಡುತ್ತವೆ. ನನ್ನ ಗಂಡ ವಿರೇಮು ಮೆಲ್ಬರ್ನಿನ ಸುತ್ತಲಿನ ಬಡಾವಣೆಗಳನ್ನು ಅರೆದು ಕುಡಿದಿದ್ದ. ಎಲ್ಲಿ ಶಾಲೆ ಚೆನ್ನಾಗಿದೆ, ಎಲ್ಲಿ ರೈಲು ಹತ್ತಿರ, ಎಲ್ಲಿ ಮಕ್ಕಳು ಭಯವಿಲ್ಲದೆ ಬೀದಿಯಲ್ಲಿ ಸೈಕಲ್ ಹೊಡೆಯಬಹುದು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ನಾವಿದ್ದ ಬಾಡಿಗೆ ಮನೆಯನ್ನು ಒಡೆಯ ಮಾರಿದ್ದ. ಕೊಂಡವರು ಅದನ್ನು ಕೆಡವಿ ಸಾಲುಮನೆ ಕಟ್ಟುತ್ತಾರಂತೆ. ಕ್ರಿಸ್‌ಮಸ್ಸಿನೊಳಗೆ ನಾವು ಖಾಲಿ ಮಾಡಬೇಕು, ಜನವರಿಯ ಬೇಸಿಗೆ ರಜೆ ಮುಗಿದೊಡನೆ ಮಗಳು ಕಾಹು ಶಾಲೆ ಸೇರಬೇಕು.

ನಾನು ಮಾತ್ರ ಯಾವ ಮನೆಯನ್ನೂ ಒಪ್ಪುತ್ತಿರಲಿಲ್ಲ.

ಕಾರಣ ಹಿತ್ತಲಲ್ಲಿತ್ತು. ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅರ್ಧಕ್ಕೆ ಕೊಯ್ದದ್ದು, ಅದರಲ್ಲಿ ಒಂದು ಫೀಜೋವಾ ಹಣ್ಣಿನ ಗಿಡ. ಗಿಡದ ಬುಡದಲ್ಲಿ ಕಾಹುವಿನ ಮಾಸು. ಹೆರಿಗೆಯಾದ ಮೇಲೆ ಮಾಸನ್ನು ಮನೆತನದ ನೆಲಕ್ಕೆ ಸೇರಿಸುವುದು ನಾವು ಮಾವೊರಿ ಜನ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು. ನನ್ನ ಮಾಸು ನ್ಯೂಜಿಲೆಂಡಿನ ಪೂರ್ವ ಕರಾವಳಿಯಲ್ಲಿ, ವೈಆಪು ಹೊಳೆಯ ದಂಡೆಯಲ್ಲಿದೆ. ವಿರೇಮುವಿನದೂ ಅಲ್ಲೇ, ಎರಡು ಬೇಲಿ ಆಚೆ. ಕಾಹು ಹುಟ್ಟಿದ್ದು ವಿಮಾನಗಳೆಲ್ಲ ನಿಂತ ವರ್ಷ. ಗಡಿ ತೆರೆಯುವವರೆಗೆ ಕುಂಡದಲ್ಲಿರಲಿ, ಆಮೇಲೆ ಊರಿಗೆ ಒಯ್ದರಾಯಿತು ಎಂದುಕೊಂಡೆವು. ಗಡಿ ತೆರೆಯಿತು. ಮೊದಲು ನಮಗೆ ರಜೆ ಸಿಗಲಿಲ್ಲ, ಆಮೇಲೆ ಊರಿನವರು ಯಾವಾಗ ಬರುತ್ತೀರಿ ಎಂದು ಕೇಳುವುದನ್ನೇ ಬಿಟ್ಟರು. ಬೂಟಿಗೆ ಮೆತ್ತಿದ ಕೆಸರನ್ನೂ ಒಳಗೆ ಬಿಡದ ವಿಮಾನ ನಿಲ್ದಾಣ ನಮ್ಮ ನ್ಯೂಜಿಲೆಂಡಿನದು. ಮಣ್ಣಿನ ಸಮೇತ ಒಂದು ಗಿಡವನ್ನು ಬಿಡುತ್ತಾರೆಯೇ? ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಪ್ರತಿ ಸಂಜೆ ಕೆಲಸದಿಂದ ಬಂದು ಆ ಗಿಡಕ್ಕೆ ನೀರು ಹಾಕುತ್ತ ನಾನು ಊರಿಗೆ ಹೋಗಿಬರುತ್ತಿದ್ದೆ.

ಮನೆ ನೋಡಲು ಅತ್ತೆ ಪಿರಿಹೀರಾ ಕೂಡ ಬರುತ್ತಿದ್ದರು. ಅವರನ್ನು ಬಿಟ್ಟು ಹೋಗುವ ಧೈರ್ಯ ಯಾರಿಗಿದೆ? ಅವರು ಅಡುಗೆಮನೆ, ಕಪಾಟು ಯಾವುದನ್ನೂ ನೋಡುತ್ತಿರಲಿಲ್ಲ. ನೇರ ಹಿತ್ತಲಿಗೆ ಹೋಗಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಟಾರ್ನೀಟಿನ ಒಂದು ಹೊಚ್ಚಹೊಸ ಮನೆಯಲ್ಲಿ, ಮೈಗೆ ಅಂಟಿದ ಸೂಟು ತೊಟ್ಟ ಏಜೆಂಟನನ್ನು ಹತ್ತಿರ ಕರೆದರು.

"ಮಗಾ, ಇಲ್ಲಿ ಬೆಟ್ಟ ಯಾವ್ದು?"

"ಬೆಟ್ಟನಾ? ದೊಡ್ಡ ಶಾಪಿಂಗ್ ಮಾಲ್ ಬರ್ತಾ ಇದೆ ಮೇಡಂ, ಕಾರಲ್ಲಿ ಐದೇ ನಿಮಿಷ."

"ಅದನ್ನ ಹತ್ತೋಕಾಗುತ್ತಾ? ಹೋಗ್ಲಿ, ಹೊಳೆ ಯಾವ್ದು?"

"ಮಳೆನೀರಿನ ಕಾಲುವೆ ಇದೆ. ಪಕ್ಕದಲ್ಲೇ ವಾಕಿಂಗ್ ಮಾಡಬೋದು."

"ಅದರ ಹೆಸರೇನು?"

ಹುಡುಗ ಕಕ್ಕಾಬಿಕ್ಕಿಯಾಗಿ ವಿರೇಮುವಿನ ಮುಖ ನೋಡಿದ. ನಮ್ಮಲ್ಲಿ ಯಾರಾದರೂ ನೀನು ಯಾರು ಎಂದರೆ ಮೊದಲು ಬೆಟ್ಟದ ಹೆಸರು ಹೇಳುತ್ತೇವೆ, ಆಮೇಲೆ ಹೊಳೆಯದು, ಕೊನೆಗೆ ನಮ್ಮದು. ಪಾಪ, ಏಜೆಂಟನಿಗೆ ಇದನ್ನೆಲ್ಲ ಯಾರು ಹೇಳಿರುತ್ತಾರೆ?

"ಹೆಸರಿಲ್ಲದ ನೀರು," ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಬೇಡ ಎನ್ನುವ ಕೆಲಸ ಅವತ್ತು ನನ್ನ ಪಾಲಿಗೆ ಬರಲಿಲ್ಲ.

ಆದರೆ ಸನ್‌ಬರಿಯಲ್ಲಿ ಸಿಕ್ಕಿಬಿದ್ದೆ. ರೈಲು ಕೊನೆಯಾಗುವ ಊರು. ಹಳೆಯ ಇಟ್ಟಿಗೆ ಮನೆ, ಇಳಿಜಾರಿನ ಹಿತ್ತಲು, ಕೆಳಗೆ ಹೆಸರಿರುವ ಹಳ್ಳ. ಬೇಲಿಯಾಚೆ ದೂರದಲ್ಲಿ ಮೇಸಿಡನ್ ಬೆಟ್ಟ ನೀಲಿಯಾಗಿ ಕೂತಿತ್ತು. ಶಾಲೆ ಬೀದಿಯ ತುದಿಗೇ ಇತ್ತು. ಪಕ್ಕದ ಮನೆಯ ಮಕ್ಕಳು ಆಗಲೇ ಬೇಲಿಯ ಮೇಲಿಂದ ಕಾಹುವನ್ನು ಮಾತಾಡಿಸುತ್ತಿದ್ದರು. ಅತ್ತೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರು ಒಂದು ಮಾತೂ ಆಡಲಿಲ್ಲ. ಅವರು ಸುಮ್ಮನಿದ್ದರೆಂದರೆ ಒಪ್ಪಿದರೆಂದೇ ಅರ್ಥ.

"ಏನಂತೀಯ?" ಎಂದ ವಿರೇಮು, ಕಣ್ಣು ಮಿನುಗಿಸುತ್ತ.

"ಅಡುಗೆಮನೆ ಕತ್ತಲೆ."

"ಬಲ್ಬು ಹಾಕೋಣ."

"ಇಳಿಜಾರು. ಕಾಹು ಉರುಳಿಬೀಳ್ತಾಳೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವನು ಕಾರಿನ ಕಡೆ ನಡೆದ. ದಾರಿಯುದ್ದಕ್ಕೂ ಕಾಹು ಬೇಲಿಯ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು.

ಮನೆಗೆ ಬಂದವನೇ ವಿರೇಮು ಅಂಗಿಯ ತೋಳು ಮಡಚಿ ಹಿತ್ತಲಿಗೆ ಹೋದ. ಅತ್ತೆ ಮೆಟ್ಟಿಲ ಮೇಲೆ ಕೂತು ಗೆಣಸು ಹೆರೆಯುತ್ತಿದ್ದರು.

"ನಿಂಗೆ ಮನೆ ಬೇಡ ಅಲ್ಲ ಕಣೇ, ಈ ಡ್ರಮ್ಮು ಬಿಡೋಕಾಗ್ತಿಲ್ಲ. ನಂಗೆ ಗೊತ್ತು," ಎಂದ. "ಸರಿ. ಇದನ್ನ ಈಗ್ಲೇ ಟ್ರೇಲರಿಗೆ ಏರಿಸ್ತೀನಿ. ಹಡಗೋ ವಿಮಾನವೋ, ಎಲ್ಲಿಗೆ ಹೇಳ್ತೀಯೋ ಅಲ್ಲಿಗೆ. ಇವತ್ತು ಒಂದು ಇತ್ಯರ್ಥ ಆಗ್ಲಿ."

ಡ್ರಮ್ಮನ್ನು ಎರಡೂ ತೋಳಲ್ಲಿ ತಬ್ಬಿ ಎತ್ತಿದ. ಅದು ಮಿಸುಕಲಿಲ್ಲ. ಮೊಣಕಾಲೂರಿ ಮತ್ತೆ ಜಗ್ಗಿದ. ಆಮೇಲೆ ಸಲಿಕೆ ತಂದು ಅಂಚು ಬಿಡಿಸಿ, ಅಡಿಗೆ ಕೈ ತೂರಿಸಿದವನು ಹಾಗೇ ಕೂತುಬಿಟ್ಟ.

"ಮೆರೆ, ಇದಕ್ಕೆ ತಳಾನೇ ಇಲ್ಲ. ಬೇರು ಪೂರ್ತಿ ನೆಲಕ್ಕೆ ಇಳಿದಿದೆ," ಎಂದು ನನ್ನ ಹೆಸರು ಹಿಡಿದು ಕೂಗಿದ.

ನಾನು ಓಡಿಹೋಗಿ ಕೈ ಹಾಕಿ ನೋಡಿದೆ. ಹೆಬ್ಬೆರಳಿಗಿಂತ ದಪ್ಪನೆಯ ಬೇರುಗಳು ಬಾಡಿಗೆಯ ನೆಲದೊಳಗೆ ಹೋಗಿದ್ದವು.

"ತಳ ನಾನೇ ಕೊಯ್ದಿದ್ದು," ಎಂದರು ಅತ್ತೆ, ಗೆಣಸಿನಿಂದ ಕಣ್ಣೆತ್ತದೆ. "ನೀನು ಮಣ್ಣು ತರೋಕೆ ನರ್ಸರಿಗೆ ಹೋಗಿದ್ಯಲ್ಲ ವಿರೇಮು, ಅಷ್ಟರಲ್ಲಿ ಗರಗಸ ಹಾಕಿದೆ."

"ಅಮ್ಮಾ!"

"ಏನು ಅಮ್ಮಾ? ಮಗೂನ ಮಾಸು ಪ್ಲಾಸ್ಟಿಕ್ಕಲ್ಲಿ ಕೂತು ವಿಮಾನ ಕಾಯ್ಬೇಕಿತ್ತಾ? ಅದು ನೆಲಕ್ಕೆ ಸೇರ್ಬೇಕು. ಸೇರ್ಸಿದೆ."

"ಊರಿಗೆ ತಗೊಂಡು ಹೋಗೋದು ಅಂತ ಮಾತಾಗಿತ್ತಲ್ಲ!" ಎಂದೆ ನಾನು.

"ನೀವು ಮಾತಾಡಿದ್ರಿ. ನಾನು ಹೂಂ ಅಂದಿರ್ಲಿಲ್ಲ. ನಮ್ಮ ಹಿಕುರಂಗಿ ನಡೆದಾಡೋ ಬೆಟ್ಟ ಅಲ್ಲ ಅಂತ ಹಿರೀಕರು ಹೇಳಿಲ್ವಾ? ಅದು ಬರಲ್ಲ. ನೀವೂ ಹೋಗಲ್ಲ. ಆ ಮಗು ಹುಟ್ಟಿದಾಗ ನಿಮ್ಮಿಬ್ಬರ ಮುಖ ನೋಡಿದೆ, ಅವತ್ತೇ ಗೊತ್ತಾಯ್ತು."

"ಮತ್ತೆ ಇಷ್ಟು ವರ್ಷ ನಂಗೆ ಯಾಕೆ ಹೇಳ್ಲಿಲ್ಲ?"

ಅತ್ತೆ ಚಾಕು ಕೆಳಗಿಟ್ಟರು. "ಮಗೂಗೆ ನೆಲ ಬೇಕಿತ್ತು, ಕೊಟ್ಟೆ. ನಿಂಗೆ ಕುಂಡ ಬೇಕಿತ್ತು, ಮೆರೆ. ಅದನ್ನ ಹೇಗೆ ಕಿತ್ಕೊಳ್ಲಿ?"

ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಊರನ್ನು ನನಗಿಂತ ಹೆಚ್ಚು ಹಂಬಲಿಸುವವರು ಈ ಮುದುಕಿ ಎಂದುಕೊಂಡಿದ್ದೆ, ಆದರೆ ಅವರು ಮೊದಲ ದಿನವೇ ಗರಗಸ ಹಿಡಿದಿದ್ದರು. ನಾನು ಇಷ್ಟು ವರ್ಷ ನೀರೆರೆದದ್ದು ತಳವಿಲ್ಲದ ಡ್ರಮ್ಮಿಗೆ. ಕೆಸರುಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ವಿರೇಮು ನನ್ನ ಬೆನ್ನು ಸವರಿದ. ಅಳು ನಿಂತ ಮೇಲೆ ನಾನೇ ಹೇಳಿದೆ, "ಸನ್‌ಬರಿ ಏಜೆಂಟನಿಗೆ ಫೋನ್ ಮಾಡು."

ಡಿಸೆಂಬರಿನಲ್ಲಿ ಮನೆ ಬದಲಾಯಿಸಿದೆವು. ಗಿಡವನ್ನು ಕೀಳುವ ಮುಂಚೆ ಅತ್ತೆ ಸಣ್ಣ ದನಿಯಲ್ಲಿ ಪ್ರಾರ್ಥನೆ ಹೇಳಿದರು. ವಿರೇಮು ಸುತ್ತ ಅಗಲವಾಗಿ ಅಗೆದು, ಎಷ್ಟು ಮಣ್ಣು ಬರುತ್ತದೋ ಅಷ್ಟನ್ನೂ ಗೋಣಿಯಲ್ಲಿ ಕಟ್ಟಿಕೊಂಡ. ಆದರೂ ದೊಡ್ಡ ಬೇರುಗಳನ್ನು ಕತ್ತರಿಸಲೇಬೇಕಾಯಿತು. ಕಾಹುವಿನದೊಂದು ಪಾಲು ಯಾರದೋ ಸಾಲುಮನೆಯ ಅಡಿಗೆ ಉಳಿಯಿತು.

ಸನ್‌ಬರಿಯಲ್ಲಿ ಮಂಚ ಇಳಿಸುವ ಮುಂಚೆ ಗಿಡ ಇಳಿಸಿದೆವು. ಕಾಹು ಪುಟ್ಟ ಕೈಗಳಿಂದ ಮಣ್ಣು ತಳ್ಳಿ, ಬೆಟ್ಟದ ಕಡೆ ಬೆರಳು ತೋರಿಸಿದಳು.

"ಅಜ್ಜೀ, ಅದು ನಮ್ದಾ?"

"ಅಲ್ಲ. ಅದಕ್ಕೆ ಅದರದೇ ಜನ ಇದಾರೆ, ಈ ನೆಲದ ಮೂಲದೋರು, ಲೋಕ ಹುಟ್ಟಿದಾಗಿಂದ. ಅವರನ್ನ ಹುಡುಕ್ಕೊಂಡು ಹೋಗಿ ನಮಸ್ಕಾರ ಹೇಳಿ ಬರ್ಬೇಕು. ನಾವು ಅದರ ಮಡಿಲಲ್ಲಿ ಇರೋರು, ಅಷ್ಟೇ. ಶಾಲೇಲಿ ಏನಂತ ಹೇಳ್ತೀಯ, ಹೇಳು ನೋಡೋಣ."

ಕಾಹು ನೆಟ್ಟಗೆ ನಿಂತು ಹೇಳಿದಳು. "ನನ್ನ ಬೆಟ್ಟ ಹಿಕುರಂಗಿ. ನನ್ನ ಹೊಳೆ ವೈಆಪು. ನಾನಿರೋದು ಮೇಸಿಡನ್ ಮಡಿಲಲ್ಲಿ. ನನ್ನ ಹೆಸರು ಕಾಹು." ಆಮೇಲೆ ನನ್ನ ಕಡೆ ತಿರುಗಿದಳು. "ಹಿಕುರಂಗಿ ಹೇಗಿರುತ್ತೆ ಅಮ್ಮಾ?"

ಹೇಳಲು ಶುರು ಮಾಡಿದೆ. ಬೆಳಗಿನ ಬಿಸಿಲು ಮೊದಲು ಅದಕ್ಕೇ ಬೀಳುತ್ತದೆ ಎಂದೆ. ಚಳಿಗಾಲದಲ್ಲಿ ತಲೆಯ ಮೇಲೆ ಹಿಮ ಇರುತ್ತದೆ ಎಂದೆ. ಕೈಯಿಂದ ಗಾಳಿಯಲ್ಲಿ ಅದರ ಏರು ಬರೆದೆ. ನೆತ್ತಿಯ ಹತ್ತಿರ ಬಂದಾಗ ಕೈ ನಿಂತಿತು. ತುದಿಯ ಆ ಬಂಡೆ ಎಡಕ್ಕೆ ವಾಲಿತ್ತೇ, ಬಲಕ್ಕೆ ವಾಲಿತ್ತೇ? ಹುಟ್ಟಿದಾಗಿನಿಂದ ಕಿಟಕಿಯಲ್ಲಿ ನೋಡಿದ ಬೆಟ್ಟ ಅದು. ವಿರೇಮುವಿನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಅತ್ತೆಯ ಮುಖ ನೋಡಿದೆ.

ಅವರು ನನ್ನ ಎತ್ತಿದ ಕೈಯನ್ನು ಮೆಲ್ಲಗೆ ಹಿಡಿದು ಇಳಿಸಿ, ಅದರಲ್ಲಿ ನೀರಿನ ಪೈಪು ಇಟ್ಟರು.

"ಮೊದ್ಲು ಗಿಡಕ್ಕೆ ನೀರು ಹಾಕು," ಎಂದರು. "ಬಿಸಿಲಿದೆ."