ಬೈಟು ಪಾಸು

ಪುಣೆಯ ಧನಕವಡಿಯ ಒಂದು ವಿಜ್ಞಾನ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡ ಸತತ ಎರಡು ವರ್ಷ ಅಂತರ ಕಾಲೇಜು ಫೈನಲ್ ತಲುಪಿ, ಎರಡು ಸಲವೂ ಸೋತು ಬಂದಿತ್ತು. ಕ್ಯಾಂಟೀನಿನಲ್ಲಿ ಹುಡುಗರು ಅವರನ್ನು ‘ಎರಡನೇ ನಂಬರಿನವರು’ ಎಂದೇ ಕರೆಯುತ್ತಿದ್ದರು. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದ ಯಶ್ಮಿತಾ ಈ ಸಲದ ಕ್ಯಾಪ್ಟನ್. ಮುಂದಿನ ವರ್ಷ ಅವಳಿಗೆ ಆ ಜರ್ಸಿ ಇಲ್ಲ. ಗೆಲುವಿನ ಕಪ್ಪು ಬರುವುದಿದ್ದರೆ ಈಗಲೇ ಬರಬೇಕಿತ್ತು.

ಕಳೆದ ವರ್ಷದ ಸೋಲನ್ನು ಅವಳು ಕೈಕೊಟ್ಟ ಪ್ರಯೋಗವನ್ನು ನೋಡುವ ಹಾಗೆ ನೋಡಿದ್ದಳು. ಓಡುವುದರಲ್ಲಿ ತಂಡ ಯಾರಿಗೂ ಕಡಿಮೆಯಿರಲಿಲ್ಲ. ಒಬ್ಬಳು ಏನು ಮಾಡಹೊರಟಿದ್ದಾಳೆ ಎಂಬುದು ಇನ್ನೊಬ್ಬಳಿಗೆ ತಿಳಿಯುವುದು ತಡವಾಗುತ್ತಿತ್ತು. ಮರಾಠಿಯಲ್ಲಿ ಕೂಗಿ ಹೇಳೋಣವೆಂದರೆ ಎದುರಾಳಿಗಳಿಗೂ ತಿಳಿದುಬಿಡುತ್ತಿತ್ತು.

ಇದಕ್ಕೆ ಉಪಾಯ ಸಿಕ್ಕಿದ್ದು ಸದಾಶಿವ ಪೇಠದಲ್ಲಿ, ಅಪ್ಪ ಸುಖೇಶನ ಹೋಟೆಲಿನ ಗಲ್ಲಾದ ಹಿಂದೆ. ಅಲ್ಲಿ ಕುಂದಾಪುರದ ಕಡೆಯ ಸಪ್ಲೈಯರುಗಳು ಟೇಬಲ್ಲಿನ ಬಳಿ ನಿಂತೇ ಅಡುಗೆಮನೆಗೆ ಆರ್ಡರ್ ಕೂಗುತ್ತಾರೆ. ಎಷ್ಟೇ ಗದ್ದಲವಿದ್ದರೂ ಒಳಗಿನ ಭಟ್ಟರಿಗೆ ಒಂದೂ ತಪ್ಪುವುದಿಲ್ಲ. ಯಶ್ಮಿತಾ ಅದನ್ನೇ ಮೈದಾನಕ್ಕೆ ತಂದಳು. ‘ಬನ್ಸ್’ ಎಂದರೆ ಎಣ್ಣೆಯಲ್ಲಿ ಉಬ್ಬುವ ಮಂಗಳೂರು ಬನ್ಸಿನಂತೆ ಚೆಂಡು ಮೇಲೇರಿ ಗೋಲಿನ ದೂರದ ಕಂಬದತ್ತ ಹೋಗಬೇಕು. ‘ಖಾಲಿ’ ಎಂದರೆ ಖಾಲಿ ದೋಸೆಯಂತೆ ನೆಲಕ್ಕಂಟಿ ಹತ್ತಿರದ ಕಂಬದತ್ತ. ‘ಪಾರ್ಸೆಲ್’ ಎಂದರೆ ಹಿಂದೆಮುಂದೆ ನೋಡದೆ ದೂರಕ್ಕೆ ಒದೆಯುವುದು. ‘ಬೈಟು’ ಎಂದರೆ ಒಂದೇ ಕಾಫಿಯನ್ನು ಇಬ್ಬರು ಹಂಚಿಕೊಂಡಂತೆ, ಒಬ್ಬಳು ಕೊಟ್ಟು ಓಡುವುದು, ಇನ್ನೊಬ್ಬಳು ಅವಳಿಗೇ ಮರಳಿಸುವುದು.

ತಂಡದ ಮರಾಠಿ ಹುಡುಗಿಯರು ವಾರದೊಳಗೆ ಇದನ್ನು ಕಲಿತು, ಮನೆಯಲ್ಲೂ ಕೂಗಿ ಬೈಸಿಕೊಂಡರು. ಮೊದಲ ಪಂದ್ಯದ ಎದುರಾಳಿಗಳು ಇವರಿಗೆಲ್ಲ ಹಸಿವಾಗಿದೆ ಎಂದುಕೊಂಡು ನಕ್ಕರು. ಮೂರು ಗೋಲು ಬಿದ್ದ ಮೇಲೆ ನಗುವುದನ್ನು ಬಿಟ್ಟರು. ತಂಡ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿತು. ಹುಟ್ಟಿದ್ದು ಪುಣೆಯಲ್ಲೇ ಆದರೂ ವಿಜಯಪುರದ ಕನ್ನಡವನ್ನು ಬಿಡದ ಕೋಚ್ ಪ್ರಲ್ಹಾದ ಸರ್, ಪಂದ್ಯ ನೋಡಿದಾಗೆಲ್ಲ ತಮಗೆ ಹೊಟ್ಟೆ ಚುರುಗುಟ್ಟುತ್ತದೆ ಎಂದು ದೂರುತ್ತಿದ್ದರು.

ಫೈನಲ್ಲಿನಲ್ಲಿ ಎದುರಿಗಿದ್ದದ್ದು ಮಗರಪಟ್ಟಾ ಕಡೆಯ ಒಂದು ಕಾಲೇಜು. ಮೊದಲ ಅರ್ಧವಿಡೀ ಯಶ್ಮಿತಾಳ ತಂಡಕ್ಕೆ ಒಂದೂ ಗೋಲು ದಕ್ಕಲಿಲ್ಲ. ಅವಳು ‘ಬನ್ಸ್’ ಎಂದರೆ ಆ ತಂಡದ ಗೋಲ್‌ಕೀಪರ್ ಚೆಂಡಿಗಿಂತ ಮೊದಲೇ ದೂರದ ಕಂಬದ ಬಳಿ ನಿಂತಿರುತ್ತಿದ್ದಳು. ‘ಖಾಲಿ’ ಎಂದರೆ ಹತ್ತಿರದ ಕಂಬದ ಪಕ್ಕ ನೆಲಕ್ಕೆ ಬಿದ್ದಿರುತ್ತಿದ್ದಳು. ಒಂದು ಸಲವಾದರೆ ಅದೃಷ್ಟ ಎನ್ನಬಹುದು. ಪ್ರತಿಸಲವೂ ಹಾಗೇ ಆದರೆ ಅದಕ್ಕೊಂದು ಕಾರಣ ಇರಲೇಬೇಕು. ಅಷ್ಟರಲ್ಲಿ ಎದುರಾಳಿಗಳು ಒಂದು ಗೋಲನ್ನೂ ಹೊಡೆದರು.

ವಿರಾಮದಲ್ಲಿ ಕಾರಣ ತಾನಾಗಿಯೇ ನಡೆದು ಬಂತು. ನಿಂಬೆ ಶರಬತ್ತಿನ ಕ್ಯಾನು ಹಿಡಿದು ಬಂದ ಸುಖೇಶ, ಎದುರಿನ ಗ್ಯಾಲರಿಯಲ್ಲಿ ಕೈಬೀಸುತ್ತಿದ್ದ ಒಬ್ಬರನ್ನು ಕಂಡು ಕ್ಯಾನನ್ನು ಮೆಲ್ಲಗೆ ನೆಲಕ್ಕಿಟ್ಟ.

“ಮಗಾ, ಆ ಗೋಲ್‌ಕೀಪರ್ ಹೆಸರು ಹರ್ಷಾ ಅಂತಲಾ?”

ಹೌದೆಂದಳು ಯಶ್ಮಿತಾ.

“ಹಾಗಾದ್ರೆ ಅವಳು ನಮ್ಮ ಸದಾನಂದಣ್ಣನ ಮಗಳು. ಮಗರಪಟ್ಟಾದಲ್ಲಿ ಹೋಟೆಲ್ ಉಂಟಲ್ಲ, ಅವರದ್ದು.”

ಹೋದ ಭಾನುವಾರ ಕರಾವಳಿಯವರ ಸಂಘದ ಸತ್ಯನಾರಾಯಣ ಪೂಜೆಯಲ್ಲಿ ಸುಖೇಶ ಊಟದ ಪಂಕ್ತಿಯಲ್ಲಿ ಸದಾನಂದನ ಪಕ್ಕವೇ ಕುಳಿತಿದ್ದ. ಪಾಯಸ ಬರುವ ಹೊತ್ತಿಗೆ ಸುಖೇಶನ ಬಾಯಲ್ಲಿ ತನ್ನ ಮಗಳ ಹೊಗಳಿಕೆ ಶುರುವಾಗಿ, ಎಲೆ ಎತ್ತುವ ಮೊದಲು ಇಡೀ ತಂಡದ ಆಟ, ಕೂಗಿನ ಅರ್ಥಗಳ ಸಮೇತ, ಹೊರಗೆ ಬಂದಿತ್ತು.

“ಬೈಟು ಕೂಡ ಹೇಳಿದ್ರಾ, ಅಪ್ಪ?”

“ಅದಕ್ಕೆ ಉಪ್ಪು, ಉಪ್ಪಿನಕಾಯಿ ಇಟ್ಟು ಎಲೆಯಲ್ಲೇ ತೋರಿಸಿದೆ” ಎಂದ ಸುಖೇಶ, ಮುಖ ಚಿಕ್ಕದು ಮಾಡಿಕೊಂಡು. “ಅವ್ರು ಅಷ್ಟು ಚಂದ ಕೇಳ್ತಾ ಇದ್ರು, ಮಾರಾಯ್ತಿ. ಅವರ ಮಗಳೂ ಆಡ್ತಾಳೆ ಅಂತ ನಂಗೇನು ಕನಸು ಬಿತ್ತಾ?”

ಪ್ರಲ್ಹಾದ ಸರ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಛಲೋ ಆತು, ಸುಖೇಶ್‌ರ. ಪ್ರಸಾದದ ಜೋಡಿ ಕಪ್ಪೂ ಕಟ್ಟಿ ಕೊಟ್ರಿ.”

ಬೇರೆ ಯಾವಾಗಲಾದರೆ ಯಶ್ಮಿತಾ ನಗುತ್ತಿದ್ದಳು. ಈಗ ಅವಳಿಗೆ ಮೂರನೇ ವರ್ಷದ ಸೋಲು ಕಣ್ಣಿಗೆ ಕಟ್ಟಿತ್ತು. ಅದೂ ತಾನೇ ಹುಡುಕಿದ ಉಪಾಯದಿಂದ. ಹೊಸ ಕೂಗು ಕಲಿಸಲು ಹೊತ್ತಿಲ್ಲ. ಹಳೆಯದನ್ನು ತಿರುಗಿಸೋಣವೆಂದರೆ ಅವಸರದಲ್ಲಿ ತಮ್ಮವರೇ ಎಡವುತ್ತಾರೆ. ಅವಳು ಹುಲ್ಲು ಕೀಳುತ್ತ ಕೂತಳು.

ಎದುರಿಗೆ ಬಂದು ಕೂತವಳು ಮುಂಪಡೆಯ ಶೀತಲ. ಸೊಲ್ಲಾಪುರದ ಹುಡುಗಿ, ಹತ್ತು ಮಾತಿಗೆ ಒಂದು ಮಾತಾಡುವವಳು. “ಯಶೂ, ನಾ ಪ್ರತಿ ಶನಿವಾರ ನಿಮ್ಮ ಹೋಟೆಲ್‌ಗೆ ಬರ್ತೀನಲಾ. ನನಗ ಏನ್ ಬೇಕಂತ ಯಾರರೆ ಕೇಳ್ಯಾರೇನು?”

ಕೇಳುವುದಿಲ್ಲ. ತಪ್ಪದೆ ಬರುವವರಿಗೆ ಆರ್ಡರ್ ಕೂಗುವ ಪದ್ಧತಿಯೇ ಇಲ್ಲ. ಬಾಗಿಲಲ್ಲಿ ಮುಖ ಕಂಡರೆ ಸಾಕು, ಒಳಗೆ ಕಾವಲಿಗೆ ಹಿಟ್ಟು ಬಿದ್ದಿರುತ್ತದೆ.

“ಇಡೀ ವರ್ಷ ಕೂಡೇ ಆಡೇವಿ” ಎಂದಳು ಶೀತಲ. “ನಿನ್ನ ಮಾರಿ ನೋಡಿದ್ರ ಸಾಕು, ತಿಳೀತದ. ನೀ ಸುಮ್ನ ಕೂಗು. ನಾವು ಯಾರೂ ಕೇಳಂಗಿಲ್ಲ.”

ಉಳಿದವರಿಗೆ ಇದನ್ನು ಮರಾಠಿಯಲ್ಲಿ ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಕ್ಯಾಪ್ಟನ್ನಿನ ಮಾತು ಕೇಳಬೇಡಿ ಎಂದು ಕ್ಯಾಪ್ಟನ್ನೇ ಹೇಳಿದ್ದು ಅವರಿಗೆ ಬಹಳ ಹಿಡಿಸಿತು.

ಎರಡನೇ ಅರ್ಧದಲ್ಲಿ ಯಶ್ಮಿತಾ ಬೆಳಗಿನ ಹತ್ತು ಗಂಟೆಯ ಹೋಟೆಲಿನಂತೆ ಕೂಗಿದಳು. ಬಾಯಿಗೆ ಬಂದದ್ದನ್ನೆಲ್ಲ ಕೂಗಿದಳು. ತನ್ನ ಮಾತನ್ನು ಯಾರೂ ಲೆಕ್ಕಕ್ಕಿಡದೆ ಆಡುತ್ತಿರುವುದನ್ನು ನೋಡುವುದು ಮೊದಲು ವಿಚಿತ್ರವೆನಿಸಿ, ಆಮೇಲೆ ಖುಷಿ ಕೊಡತೊಡಗಿತು. ‘ಬನ್ಸ್’ ಎಂದು ಅವಳು ಗಂಟಲು ಹರಿಯುವಂತೆ ಕಿರುಚಿದಾಗ ಹರ್ಷಾ ದೂರದ ಕಂಬಕ್ಕೆ ಹಾರಿದಳು. ಶೀತಲ ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಹತ್ತಿರದ ಕಂಬದ ಪಕ್ಕದಿಂದ ಒಳಗೆ ಬಿಟ್ಟಳು. ಆರ್ಡರ್ ಕೊಟ್ಟು ಎದ್ದುಹೋದ ಗಿರಾಕಿಯನ್ನು ನೋಡುವಂತೆ ಹರ್ಷಾ ಯಶ್ಮಿತಾಳನ್ನು ನೋಡಿದಳು. ಅಲ್ಲಿಂದ ಮುಂದೆ ಯಾವ ಕೂಗನ್ನೂ ನಂಬಲಿಲ್ಲ. ಚೆಂಡಿನ ಮೇಲಷ್ಟೇ ಕಣ್ಣಿಟ್ಟು, ಬಂದದ್ದನ್ನೆಲ್ಲ ತಡೆದಳು.

ಪಂದ್ಯ ಮುಗಿಯುತ್ತ ಬಂದಾಗ ಯಶ್ಮಿತಾಳಿಗೆ ಮೈದಾನದ ನಡುವೆ ಚೆಂಡು ಸಿಕ್ಕಿತು. ಅದನ್ನು ಶೀತಲಳಿಗೆ ತಳ್ಳಿ ಓಡಿದಳು. ಓಡುತ್ತ, ಇಡೀ ಸೀಸನ್ನಿನ ಅಭ್ಯಾಸದಿಂದ ಬಾಯಿ ತೆರೆದಳು. ಕೂಗಿ ಕೂಗಿ ಸ್ವರ ಬಿದ್ದುಹೋಗಿ ದನಿ ಹೊರಡಲಿಲ್ಲ, ಬರಿಯ ಗಾಳಿ ಬಂತು. ಗೋಲಿಗೆ ಬೆನ್ನು ಮಾಡಿದ್ದ ಶೀತಲ, ಯಶ್ಮಿತಾ ಇನ್ನೂ ತಲುಪದ ಜಾಗಕ್ಕೆ ಚೆಂಡನ್ನು ಮರಳಿಸಿದಳು. ಯಶ್ಮಿತಾ ಅಲ್ಲಿಗೆ ಬಂದದ್ದೂ ಚೆಂಡು ಬಂದದ್ದೂ ಒಟ್ಟಿಗೇ. ಅವಳು ಒದ್ದ ಚೆಂಡು ಹರ್ಷಾಳ ಬೆರಳ ತುದಿ ಸವರಿಕೊಂಡು ಬಲೆ ಸೇರಿತು.

ಸೀಟಿ ಊದಿದಾಗ ಶೀತಲ ಯಶ್ಮಿತಾಳ ಬೆನ್ನೇರಿದ್ದಳು. ಅವಳ ಮೇಲೆ ಇನ್ನೆಷ್ಟು ಜನ ಬಿದ್ದರೋ. ಪ್ರಲ್ಹಾದ ಸರ್ ಸುಖೇಶನನ್ನು ತಬ್ಬಿಕೊಂಡು, ಇನ್ನು ಒಂದು ವರ್ಷ ಯಾವ ಪೂಜೆಗೂ ಹೋಗಕೂಡದೆಂದು ಆಣೆ ಮಾಡಿಸುತ್ತಿದ್ದರು. ಹರ್ಷಾ ಕೈಗವಸು ಬಿಚ್ಚುತ್ತ ಬಂದು ಕೈ ಕುಲುಕಿ, ಕೊನೆಯ ಗೋಲಿಗೆ ಏನು ಕೂಗಿದ್ದು, ತನಗೆ ಕೇಳಿಸಲೇ ಇಲ್ಲವಲ್ಲ ಎಂದು ಕೇಳಿದಳು. ಯಶ್ಮಿತಾ ಉತ್ತರಿಸಲು ಹೋಗಿ, ಆಗದೆ, ಗಂಟಲು ಮುಟ್ಟಿ ತೋರಿಸಿದಳು. ಹರ್ಷಾಳಿಗೂ ನಗು ತಡೆಯಲಾಗಲಿಲ್ಲ.

ಕಪ್ಪು ಕೊಡುವಾಗ ಕ್ಯಾಪ್ಟನ್ ಎರಡು ಮಾತು ಆಡಬೇಕೆಂದು ಮೈಕನ್ನು ಅವಳ ಕೈಗಿಟ್ಟರು. ಅವಳು ಅದನ್ನು ಶೀತಲಳಿಗೆ ದಾಟಿಸಿದಳು. ಆ ಮೌನಿ ಹುಡುಗಿ ಮರಾಠಿಯಲ್ಲಿ ಶುರುಮಾಡಿ, ಕನ್ನಡಕ್ಕೆ ಹೊರಳಿ, ಮತ್ತೆ ಮರಾಠಿಗೆ ಬಂದು, ತಂಡದ ಒಬ್ಬೊಬ್ಬಳ ಹೆಸರನ್ನೂ ಹೇಳುತ್ತ ನಿಂತಳು. ಯಶ್ಮಿತಾ ಪಕ್ಕದಲ್ಲಿ ಕಪ್ಪನ್ನು ಅಪ್ಪಿಕೊಂಡು ಬಾಯ್ತುಂಬ ನಗುತ್ತಿದ್ದಳು.